ಪಂಕಜವಲ್ಲಿ ಮತ್ತು ಮನೆಗೆ ಬಾರದ ಟೋಪನ್

ಪತ್ತೇದಾರಿ ಕಾದಂಬರಿ ಬರೆಯುವ ಹುಚ್ಚು ಯಾರಿಗಾದರೂ ಹಿಡಿಯಲಿ, ಯಾವ ಊರಿನಲ್ಲಾದರೂ ಹಿಡಿಯಲಿ, ನಮ್ಮೂರಿನಲ್ಲಿ ಮಾತ್ರ ಹಿಡಿಯಬಾರದು. ನಮ್ಮಲ್ಲಿ ದೀಪ ಹಚ್ಚುವ ಹೊತ್ತಿಗೆ ಪ್ರತಿಯೊಂದು ವಸ್ತುವೂ ತನ್ನ ತನ್ನ ಮನೆಗೆ ವಾಪಸು ಬಂದುಬಿಡುತ್ತದೆ. ಬೆಳಿಗ್ಗೆ ಎರವಲು ಹೋದ ಈಳಿಗೆಮಣೆ, ಸಂತೆಯಲ್ಲಿ ಮರೆತು ಬಂದ ಕೊಡೆ, ಯಾರೋ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದ ಅಡಕೊತ್ತು, ಎಲ್ಲವೂ ಕುಂಟುತ್ತ ಉರುಳುತ್ತ ತೆವಳುತ್ತ ಬಂದು ಹೊಸಿಲು ದಾಟುತ್ತವೆ. ಆ ಹೊತ್ತಿನಲ್ಲಿ ಸೈಕಲ್ಲಿನವರು ಕೆಳಗಿಳಿದು ತಳ್ಳಿಕೊಂಡು ಹೋಗುತ್ತಾರೆ. ತಾಯಂದಿರು ಕೂಸುಗಳನ್ನು ಜಗುಲಿಯ ಮೇಲಕ್ಕೆ ಎತ್ತಿಕೊಳ್ಳುತ್ತಾರೆ; ಅವಸರದಲ್ಲಿರುವ ರುಬ್ಬುಗುಂಡಿಗೆ ಮುಂದೆ ಯಾರಿದ್ದಾರೆಂದು ಕಾಣುವುದಿಲ್ಲ. ಬಾಗಿಲು ಹಾಕಿದ್ದರೆ ಸೌಟುಗಳು ತಟ್ಟುತ್ತವೆ, ದಿಂಬುಗಳು ಕಾಯುತ್ತವೆ.

ಕೊಡುವುದು ಕೊಳ್ಳುವುದು ನಡೆಯದೆ ಇರುತ್ತದೆಯೇ? ನಡೆಯುತ್ತದೆ. ಆದರೆ ಕೊಡುವವರು ಬಾಯಿಬಿಟ್ಟು "ಕೊಟ್ಟೆ" ಅನ್ನಬೇಕು. ಅಂದರೆ ಮುಗಿಯಿತು, ಅಲ್ಲಿಂದಾಚೆಗೆ ಅದು ಹೊಸ ಮನೆಯದು. ಮರೆತರೆ ಸಂಜೆ ಕೈಯಲ್ಲಿನ ಬಳೆಗಳು ತಾವಾಗಿ ಕಳಚಿಕೊಂಡು ಬಳೆಗಾರನ ಮನೆಯ ಹಾದಿ ಹಿಡಿಯುತ್ತವೆ. ಹೀಗಾಗಿ ನಮ್ಮ ಸಂತೆಯಲ್ಲಿ ಬೆಲೆ ಕೂಗುವುದಕ್ಕಿಂತ "ಕೊಟ್ಟೆ, ಕೊಟ್ಟೆ" ಎಂಬ ಕೂಗೇ ಹೆಚ್ಚು. ದೂರದಿಂದ ಕೇಳಿದರೆ ಕೆರೆಯ ಕಪ್ಪೆಗಳು ನೆನಪಾಗಬೇಕು.

ಇಂಥ ಊರಿನಲ್ಲಿ ಕಳ್ಳತನದ ಕಥೆ ಬರೆಯಲು ಕೂತವಳು ನಾನು, ಕುಮುದಾ.

ತಪ್ಪು ನನ್ನದೊಬ್ಬಳದೇ ಅಲ್ಲ. ನನ್ನನ್ನು ಬೆಳೆಸಿದ್ದು ಸಾವಂತ್ರಜ್ಜಿ. ಅವಳು ತುತ್ತಿಗೊಂದು ಕಥೆಯಂತೆ ತಿನ್ನಿಸಿ, ಅನ್ನ ಮುಗಿದರೂ ಕಥೆ ಮುಗಿಸದೆ ನನ್ನ ತಲೆಯನ್ನು ಮೋಡದಲ್ಲಿ ನೇತುಹಾಕಿಟ್ಟಳು. ಉಳಿದದ್ದನ್ನು ಗುಜರಿ ಅಂಗಡಿ ಮಾಡಿತು. ಹೊರಗಿನ ಊರುಗಳಿಂದ ಅಲ್ಲಿಗೆ ಹಳೇ ಕಾಮಿಕ್ಸ್ ಪುಸ್ತಕಗಳು ಮೂಟೆಗಟ್ಟಲೆ ಬರುತ್ತಿದ್ದವು. ಅವುಗಳಲ್ಲಿ ಮುಖವಾಡದವರು ವಜ್ರ ಕದಿಯುತ್ತಿದ್ದರು, ಮತ್ತು ವಜ್ರ ಕಳುವಾಗಿಯೇ ಉಳಿಯುತ್ತಿತ್ತು! ದೀಪ ಹಚ್ಚಿದರೂ ಬರುತ್ತಿರಲಿಲ್ಲ! ಅದನ್ನು ಮೊದಲ ಸಲ ಓದಿದಾಗ ನನಗೆ ರೋಮಾಂಚನವಾಗಿ ಊಟ ಸೇರಲಿಲ್ಲ.

ನನ್ನ ಕಥಾನಾಯಕಿ ಪಂಕಜವಲ್ಲಿ ಹುಟ್ಟಿದ್ದು ಆ ಮೂಟೆಗಳ ನಡುವೆ. ಸೋಡಾಬುಡ್ಡಿ ಕನ್ನಡಕ, ಎಣ್ಣೆ ಕಾಣದ ಜಡೆ, ಹೆಗಲಿಗೆ ಕಾಮಿಕ್ಸ್ ತುಂಬಿದ ಚೀಲ. ಕೆಟ್ಟ ರೇಡಿಯೋ ಕಂಡರೆ ಅದರ ಹೊಟ್ಟೆ ಬಿಚ್ಚದೆ ಅವಳಿಗೆ ನಿದ್ದೆ ಬರುವುದಿಲ್ಲ. ಸುಳಿವು ಸಿಕ್ಕಾಗ ತಾನೇ ಬಾಯಿಂದ "ಢಣ್ ಢಣ್" ಎಂದು ಸದ್ದು ಮಾಡಿಕೊಳ್ಳುತ್ತಾಳೆ. ಉಪ್ಪಿಟ್ಟಿಗೆ ಉಪ್ಪು ಹಾಕಿದ್ದೇನೆಯೋ ಇಲ್ಲವೋ ಎಂಬುದು ಮಾತ್ರ ಅವಳು ಎಂದೂ ಭೇದಿಸಲಾರದ ರಹಸ್ಯ. ಇವಳು ಪುರಸಭೆ ಅಧ್ಯಕ್ಷರ ಬೋಳುತಲೆ ಮುಚ್ಚುವ ಟೋಪನ್ ಕಳುವಾದ ಪ್ರಕರಣವನ್ನು ಪತ್ತೆ ಮಾಡಬೇಕು. ಸನ್ಮಾನದ ದಿನ ಬೆಳಿಗ್ಗೆಯೇ ಟೋಪನ್ ಮಾಯ! ತಲೆ ಮೇಲೆ ಟವೆಲ್ ಹೊದ್ದು ಕೂತ ಅಧ್ಯಕ್ಷರು, ಕೈಯಲ್ಲಿ ಕತ್ತರಿ ಹಿಡಿದು ಬೆವರುವ ಕ್ಷೌರಿಕ, ಎಲ್ಲದಕ್ಕೂ "ನಂಗೇನ್ ಗೊತ್ತು" ಅನ್ನುವ ಭಾಮೈದ. ಬರೆಯುವಾಗ ನಾನೇ ನಕ್ಕು ನಕ್ಕು ಪೆನ್ನು ಕೆಳಗಿಟ್ಟಿದ್ದೆ. ಕ್ಷೌರಿಕನೇ ಕಳ್ಳ ಎಂದು ಯಾರಿಗೂ ಗೊತ್ತಾಗದ ಹಾಗೆ ಹೆಣೆದಿದ್ದೆ.

ಆದರೆ ನಮ್ಮೂರಿನಲ್ಲಿ ಬರೆದವರೆಲ್ಲ ನೆಟ್ಟಗೆ ಅಚ್ಚಿಗೆ ಹೋಗುವ ಹಾಗಿಲ್ಲ. ಕೆರೆ ಏರಿಯ ಮಂಟಪದಲ್ಲಿ ಮಧ್ಯಾಹ್ನದ ಮೇಲೆ ಕೂತು ಊರವರಿಗೆ ಓದಿ ಹೇಳಬೇಕು. ಇದಕ್ಕೆ ಕಟ್ಟೆ ಓದು ಅನ್ನುತ್ತಾರೆ. ಕಥೆ ಮುಗಿಯುವ ತನಕ ಜನ ಕೂತಿದ್ದರೆ ಅಚ್ಚಿನ ಮನೆಯ ನಿಜಗುಣಪ್ಪನವರು ಅಲ್ಲೇ ಹಾಳೆಗಳ ಕಟ್ಟು ತೆಗೆದುಕೊಂಡು ಹೋಗಿ ಅಚ್ಚಿನ ಮೊಳೆ ಜೋಡಿಸಲು ಶುರುಮಾಡುತ್ತಾರೆ. ಜನ ನಡುವೆ ಎದ್ದು ಹೋದರೆ ಇನ್ನೊಂದು ಸಲ ಓದಬಹುದು. ಆಗಲೂ ಎದ್ದರೆ ಆ ಪುಸ್ತಕದ ಮಾತು ಯಾರೂ ಎತ್ತುವುದಿಲ್ಲ.

ಮೊದಲ ಓದಿನ ದಿನ ಪಕ್ಕದ ಮನೆಯ ಚೆಲುವಾಂಬತ್ತೆ ಮುಂದಿನ ಸಾಲಿನಲ್ಲಿ ಹುರಿಗಾಳಿನ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಅವರು ಎದ್ದರೆ ಊರೇ ಏಳುತ್ತದೆ, ಅಂಥ ಶ್ರೋತೃ. ನಾನು ಗಂಟಲು ಸರಿಮಾಡಿಕೊಂಡು, ಅಧ್ಯಕ್ಷರು ಬೆಳಿಗ್ಗೆ ಎದ್ದು ತಲೆ ಮುಟ್ಟಿಕೊಂಡು "ಅಯ್ಯಯ್ಯೋ" ಎಂದು ಚೀರುವ ಜಾಗಕ್ಕೆ ಬಂದೆ. ಸ್ವಲ್ಪ ನಿಲ್ಲಿಸಿದೆ, ನಗಲಿ ಎಂದು.

"ಪಾಪ," ಅಂದರು ಚೆಲುವಾಂಬತ್ತೆ. "ಇರಲಿ ಬಿಡು, ಸಾಯಂಕಾಲ ಬರುತ್ತಲ್ಲ."

"ಬರಲ್ಲ ಅತ್ತೆ. ಕಳ್ಳತನ ಆಗಿದೆ."

"ಆದ್ರೇನಮ್ಮ? ಕದ್ದೋನ ಮನೇಲಿ ಸಂಜೆವರೆಗೆ ತಾನೆ ಇರೋದು. ದೀಪ ಹಚ್ತಾ ಇದ್ದ ಹಾಗೆ ಟೋಪನ್ನು ತಾನೇ ತಲೆ ಮೇಲೆ ಹತ್ತಿ ಕೂತ್ಕೊಳ್ಳುತ್ತೆ." ಅವರು ಡಬ್ಬಿಯ ಮುಚ್ಚಳ ಹಾಕಿ ಎದ್ದರು. "ಚೆನ್ನಾಗಿದೆ ಕಥೆ. ಚಿಕ್ಕದಾಗಿದ್ರೂ ಚೊಕ್ಕವಾಗಿದೆ."

"ಅತ್ತೆ, ಅದು ಬೇರೆ ಊರು! ಅಲ್ಲಿ ವಸ್ತು ವಾಪಸ್ ಬರೋದಿಲ್ಲ!"

ಹಿಂದಿನ ಸಾಲಿನ ಹೆಂಗಸೊಬ್ಬರು ಸೆರಗು ಬಾಯಿಗೆ ಒತ್ತಿಕೊಂಡರು. "ಬರೋದೇ ಇಲ್ವೆ? ಕಳೆದದ್ದು ಕಳೆದೇ ಹೋಗುತ್ತಾ? ಅಯ್ಯೋ ದೇವರೇ, ಅಂಥಾ ಊರಿನ ಜನ ಹೇಗಪ್ಪ ಬದುಕ್ತಾರೆ?" ಎಂದು ಅಳತೊಡಗಿದರು. ನಾನು ಅವಸರದಿಂದ ಟವೆಲ್ ಪ್ರಸಂಗ ಓದಿದೆ. ಅಳು ಜೋರಾಯಿತು. ಭಾಮೈದನ ಮಾತು ಓದಿದೆ. ಇನ್ನಿಬ್ಬರು ಸೇರಿಕೊಂಡರು. ನನ್ನ ಜೀವಮಾನದ ಅತಿ ಹೆಚ್ಚು ನಗೆಯ ಅಧ್ಯಾಯಕ್ಕೆ ಊರವರು ಕಣ್ಣೊರೆಸಿಕೊಳ್ಳುತ್ತ, ಒಬ್ಬರಿಗೊಬ್ಬರು ಸಮಾಧಾನ ಹೇಳುತ್ತ, ಸಾವಿನ ಮನೆಯಿಂದ ಹೊರಟವರಂತೆ ಹೊರಟುಹೋದರು. ಕೊನೆಯಲ್ಲಿ ಉಳಿದದ್ದು ನಿಜಗುಣಪ್ಪನವರು.

"ಬರೋ ಭಾನುವಾರ ಇನ್ನೊಂದ್ಸಲ ಓದಮ್ಮ," ಅಂದರು. "ಅದೇ ಕೊನೆ. ಸೋಮವಾರ ನಾನು ಮಗಳ ಊರಿಗೆ ಹೊರಟೆ, ಅಲ್ಲೇ ಇರೋದು ಇನ್ನು ಮೇಲೆ. ನಿನ್ನ ಪುಸ್ತಕ ಅಚ್ಚಾಗೋ ಹಾಗಿದ್ರೆ ಮಾತ್ರ ಅದನ್ನ ಮುಗಿಸಿ ಹೋಗ್ತೀನಿ. ನಾನು ಹೋದ್ಮೇಲೆ ಬರೋನು ಲಗ್ನಪತ್ರಿಕೆ ಬಿಟ್ಟು ಬೇರೆ ಏನೂ ಅಚ್ಚು ಹಾಕಲ್ಲವಂತೆ."

ಲಗ್ನಪತ್ರಿಕೆಯಲ್ಲಿ ಪಂಕಜವಲ್ಲಿಯನ್ನು ಎಲ್ಲಿ ಸೇರಿಸಲಿ? ಮನೆಗೆ ಬಂದು ಅಜ್ಜಿಯ ಮುಂದೆ ಕಟ್ಟು ಎಸೆದು ಕೂತೆ.

"ಅಲ್ವೇ ಕುಮುದಿ," ಅಂದಳು ಸಾವಂತ್ರಜ್ಜಿ, ಎಲೆಗೆ ಸುಣ್ಣ ಸವರುತ್ತ, "ಕಳ್ಳ ಅಂದ್ರೆ ಒಂದು ಕಳೆ ಬೇಡ್ವೆ? ಕ್ಷೌರದೋನಂತೆ! ಏಳು ಸಮುದ್ರದಾಚೆಯಿಂದ ರಾಕ್ಷಸನ್ನ ಕರಕೊಂಡು ಬಾ. ಅವನು ಟೋಪನ್ ನುಂಗಿಬಿಡ್ಲಿ. ಹೊಟ್ಟೆ ಒಳಗಿನದು ಹೆಂಗೆ ಮನೆಗೆ ಬಂದೀತು?"

ನನಗದು ಒಪ್ಪಿಗೆಯಾಗಲಿಲ್ಲ. ಆದರೆ ಟೋಪನ್ ಯಾಕೆ ಬರಲಿಲ್ಲ ಎಂಬುದಕ್ಕೆ ಬೇರೆ ಉತ್ತರವೂ ಇರಲಿಲ್ಲ. ರಾಕ್ಷಸನನ್ನು ತರುವುದೆಂದುಕೊಂಡೆ. ಮಾರನೆಯ ದಿನ ಚೆಲುವಾಂಬತ್ತೆ ಬೇಲಿಯಾಚೆಯಿಂದ, "ಆ ಹುಡುಗಿಗೆ ಮೊದಲು ಆ ಕನ್ನಡಕ ತೆಗೆಸು. ಒಂದು ಒಳ್ಳೆ ಕಡೆ ಸಂಬಂಧ ನೋಡು. ಮದುವೆ ಇಲ್ಲದ ಕಥೆ ಕೇಳಕ್ಕೆ ನಾನು ಮಣೆ ಹೊತ್ಕೊಂಡು ಅಷ್ಟು ದೂರ ಬರಬೇಕಾ?" ಅಂದರು. ಊರನ್ನು ಕೂರಿಸಬೇಕಾದರೆ ಅತ್ತೆಯನ್ನು ಕೂರಿಸಬೇಕು. ಮದುವೆಗೂ ಒಪ್ಪಿಕೊಂಡೆ. ಠಾಣೆಯ ಒಬ್ಬನೇ ಪೇದೆ ದಾಸೇಗೌಡರು, ಬಂದ ದಿನದಿಂದ ಒಂದೂ ಕೇಸು ಕಾಣದೆ ಠಾಣೆಯ ಕಿಟಕಿಗೆ ಬಸಳೆ ಹಬ್ಬಿಸಿಕೊಂಡು ಕೂತವರು, ದಾರಿಯಲ್ಲಿ ತಡೆದರು. "ಏನವ್ವ, ಕಳ್ತನ ಅಂತೀಯ, ಪೋಲೀಸ್ನೋನೇ ಇಲ್ವಲ್ಲ! ಒಬ್ಬ ದಫೇದಾರನ್ನ ಹಾಕು. ಕುದುರೆ ಮ್ಯಾಲೆ ಬರ್ಲಿ. ಮೀಸೆ ಇರ್ಲಿ." ಅವರ ಮುಖದಲ್ಲಿದ್ದ ಆಸೆ ನೋಡಲಾಗದೆ ಕುದುರೆಗೂ ಮೀಸೆಗೂ ಹೂಂ ಅಂದೆ.

ಶನಿವಾರ ಬೆಳಿಗ್ಗೆ ಕೂತು ಎಲ್ಲವನ್ನೂ ಒಟ್ಟಿಗೇ ಬರೆದೆ. ಸಂಜೆಯ ಹೊತ್ತಿಗೆ ಕಟ್ಟು ಬಸುರಿ ಎಮ್ಮೆಯಂತೆ ಊದಿಕೊಂಡಿತ್ತು. ರಾಕ್ಷಸ ಟೋಪನ್ ನುಂಗುತ್ತಾನೆ, ದಫೇದಾರ ಅವನ ಹೊಟ್ಟೆ ಸೀಳುತ್ತಾನೆ, ಕನ್ನಡಕ ತೆಗೆದ ಪಂಕಜವಲ್ಲಿ ಧಾರೆ ಮಂಟಪದಲ್ಲಿ ತಲೆ ತಗ್ಗಿಸಿ ಕೂರುತ್ತಾಳೆ. ಓದಿಕೊಂಡರೆ ನನಗೇ ಅಳು ಬರುವಂತಿತ್ತು. ಆದರೂ ಜನ ಕೂರುತ್ತಾರೆ, ಪುಸ್ತಕ ಆಗುತ್ತದೆ ಎಂದು ಹಲ್ಲು ಕಚ್ಚಿ ದಾರ ಕಟ್ಟಿದೆ. ಅಜ್ಜಿ ದೇವರ ಮುಂದೆ ಬತ್ತಿ ಹೊತ್ತಿಸಿದಳು.

ಕಟ್ಟಿನ ದಾರ ಸಡಿಲಾಯಿತು.

ಮೊದಲು ಒಂದು ಹಾಳೆ ಮೈಮುರಿದು ಎದ್ದು, ಮೇಜಿನ ಅಂಚಿನಿಂದ ಇಳಿದು, ಕಿಟಕಿಯ ಸರಳುಗಳ ನಡುವೆ ನುಸುಳಿತು. ಅದರ ಹಿಂದೆ ಮದುವೆಯ ಇಡೀ ಅಧ್ಯಾಯ, ದಿಬ್ಬಣ ಹೊರಟ ಹಾಗೆ ಸಾಲಾಗಿ, ಬೇಲಿ ಹಾರಿ ಚೆಲುವಾಂಬತ್ತೆಯ ಮನೆಗೆ. ದಫೇದಾರನ ಹಾಳೆಗಳು ಕುಪ್ಪಳಿಸುತ್ತ ಠಾಣೆಯ ದಿಕ್ಕಿಗೆ. ರಾಕ್ಷಸ ದೂರ ಹೋಗಲಿಲ್ಲ, ನಡುಮನೆ ದಾಟಿ ಅಜ್ಜಿಯ ಹಾಸಿಗೆಯ ಕೆಳಗೆ ಸೇರಿಕೊಂಡ. ನಾನು ಒಂದೆರಡನ್ನು ಹಿಡಿದು ಎಳೆದೆ. ಮೂಲೆ ಹರಿದು ಕೈಯಲ್ಲಿ ಉಳಿಯಿತು, ಹಾಳೆ ಹೋಯಿತು.

ಇದೇನಾಯಿತೆಂದು ಹೊಳೆಯಲು ಹೊತ್ತು ಹಿಡಿಯಲಿಲ್ಲ. ಹಣೆ ಚಚ್ಚಿಕೊಂಡೆ. ಸಂತೆಯಲ್ಲಿ ಒಂದು ಕಟ್ಟು ಸೊಪ್ಪು ಕೊಂಡರೂ "ಕೊಟ್ಟೆ ಅನ್ನಿ" ಎಂದು ಕೇಳಿಸಿಕೊಳ್ಳುವ ನಾನು, ಇವರೆಲ್ಲರ ಬುದ್ಧಿಮಾತನ್ನು ಸುಮ್ಮನೆ ಮನೆಗೆ ತಂದು ಬರೆದುಕೊಂಡಿದ್ದೆ. ಒಬ್ಬರೂ "ಕೊಟ್ಟೆ" ಅಂದಿರಲಿಲ್ಲ.

ಭಾನುವಾರ ಬೆಳಿಗ್ಗೆ ಮನೆ ಮನೆ ತಿರುಗಿದೆ. ಚೆಲುವಾಂಬತ್ತೆ ಮದುವೆಯ ಅಧ್ಯಾಯವನ್ನು ಹರಡಿಕೊಂಡು ಊಟದ ಪಟ್ಟಿ ತಿದ್ದುತ್ತಿದ್ದರು. "ಚಿರೋಟಿ ಇಲ್ಲದೆ ಎಂಥಾ ಮದುವೆಯೇ? ನೋಡು, ಸೇರಿಸಿದೀನಿ."

"ಅತ್ತೆ, 'ಕೊಟ್ಟೆ' ಅನ್ನಿ. ದಮ್ಮಯ್ಯ. ಇವತ್ತು ಓದಬೇಕು."

"ಯಾಕನ್ನಲಿ? ನಂದು ಅಂತ ತಾನೇ ನಮ್ಮನೆಗೆ ಬಂದಿದೆ. ನೀನು ಆ ಜಾಗಕ್ಕೆ ಬಂದಾಗ ಕೂಗು, ನಾನೇ ಎದ್ದು ಓದ್ತೀನಿ. ರೇಷ್ಮೆ ಸೀರೆ ಉಟ್ಕೊಂಡು ಬರ್ತೀನಿ."

ದಾಸೇಗೌಡರು ಹಾಳೆಗಳನ್ನು ಬಸಳೆಯ ನೆರಳಲ್ಲಿ ಒಪ್ಪವಾಗಿ ಜೋಡಿಸಿಟ್ಟಿದ್ದರು. ನಾನು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದರು. "ಕೇಳ್ಬ್ಯಾಡ ಕಣವ್ವ. ನನ್ ಸರ್ವೀಸಲ್ಲಿ ಒಂದೇ ಒಂದು ಕೇಸು ಇದು. ಕೊಟ್ಟೆ ಅಂತ ಹೆಂಗನ್ಲಿ?" ಅಜ್ಜಿಯಂತೂ ಹಾಸಿಗೆಯ ಮೇಲೆ ಕಾಲು ಚಾಚಿ ಕೂತು, "ರಾಕ್ಷಸನ ವಿಷಯ ನಂಗೂ ಅವನಿಗೂ ಬಿಟ್ಟಿದ್ದು," ಅಂದುಬಿಟ್ಟಳು. ಸ್ವಂತ ಅಜ್ಜಿ!

ಮಧ್ಯಾಹ್ನ ಮಂಟಪಕ್ಕೆ ಹೋದಾಗ ನನ್ನ ಕೈಯಲ್ಲಿ ಉಳಿದದ್ದು ತೆಳ್ಳನೆಯ ಕಟ್ಟು. ಅದರಲ್ಲಿದ್ದವರು ಅಧ್ಯಕ್ಷರು, ಕ್ಷೌರಿಕ, ಭಾಮೈದ, ಮತ್ತು ಕನ್ನಡಕ ಹಾಕಿಕೊಂಡೇ ಇದ್ದ ಪಂಕಜವಲ್ಲಿ. ಕಳ್ಳ ಯಾರೆಂದು ಹೇಳುವ ಹಾಳೆಯನ್ನು ನಾನೇ ಹೊಡೆದುಹಾಕಿ ಅಲ್ಲಿ ರಾಕ್ಷಸನನ್ನು ಕೂರಿಸಿದ್ದೆನಲ್ಲ, ಅದು ಅಜ್ಜಿಯ ಹಾಸಿಗೆ ಕೆಳಗಿತ್ತು. ಕ್ಷೌರಿಕನೇ ಕಳ್ಳ ಎಂದು ಬಾಯಲ್ಲೇ ಹೇಳಿ ಮುಗಿಸುವುದು ಎಂದುಕೊಂಡೆ. ಜನ ಹಿಂದಿನ ಸಲಕ್ಕಿಂತ ಹೆಚ್ಚು ಬಂದಿದ್ದರು. ಚೆಲುವಾಂಬತ್ತೆ ನಿಜಕ್ಕೂ ರೇಷ್ಮೆ ಉಟ್ಟಿದ್ದರು, ಮಡಿಲಲ್ಲಿ ಮದುವೆ. ದಾಸೇಗೌಡರ ಪೇಟ ಹೊಳೆಯುತ್ತಿತ್ತು. ಅಜ್ಜಿ ಕಂಬಕ್ಕೆ ಒರಗಿದ್ದಳು. ಹಿಂದೆ ನಿಜಗುಣಪ್ಪನವರು, ಊರು ಬಿಡಲು ಅಣಿಯಾದ ಮುಖದಲ್ಲಿ, ಕೂರದೆ ನಿಂತಿದ್ದರು.

ಓದತೊಡಗಿದೆ. ಈ ಸಲ ಯಾರೂ ಅಳಲಿಲ್ಲ. ಎಲ್ಲರೂ ತಮ್ಮ ತಮ್ಮ ಭಾಗಕ್ಕೆ ಕಾಯುತ್ತಿದ್ದರು. ಪಂಕಜವಲ್ಲಿ ಅಧ್ಯಕ್ಷರ ಮನೆಯ ಅಟ್ಟ ಹತ್ತಿದಳು. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಮೂಸಿ "ಢಣ್ ಢಣ್" ಅಂದಳು. ಭಾಮೈದ ಅವಳಿಗೆ "ನಿಮ್ಮ ಚೀಲದಲ್ಲಿ ಏನಿದೆ" ಎಂದು ಕೇಳಿದ. ಅವಳು ಒಂದು ಕಾಮಿಕ್ಸ್ ತೆಗೆದು ತೋರಿಸಿ, "ನೋಡಿ, ಈ ಚೌಕದಲ್ಲಿ ಕಳ್ಳ ಕಿಟಕಿಯ ಹತ್ತಿರ ಇದ್ದಾನೆ, ಮುಂದಿನ ಚೌಕದಲ್ಲಿ ಓಡುತ್ತಿದ್ದಾನೆ. ನಡುವೆ ಬಿಳಿ ಗೆರೆ. ಅವನು ಕದ್ದದ್ದು ಆ ಬಿಳಿ ಗೆರೆಯೊಳಗೆ. ಅದನ್ನು ಯಾರೂ ಬರೆಯುವುದಿಲ್ಲ, ಓದುವವರೇ ನೋಡಬೇಕು," ಅಂದಳು. ಯಾರೋ ಕಿಸಕ್ಕೆಂದು ನಕ್ಕರು. ನಾನು ಎದೆ ಗಟ್ಟಿಮಾಡಿಕೊಂಡೆ. ಸಂಜೆಯಾಗುತ್ತಿತ್ತು. ಕೆರೆಯ ಆಚೆ ದಡದಲ್ಲಿ ಮೊದಲ ದೀಪ ಕಂಡಿತು. ಏರಿಯ ಮೇಲೆ ಒಂದು ಕೊಡಪಾನ ಟಣಟಣ ಎನ್ನುತ್ತ ಮನೆಗೆ ಹೊರಟಿತು.

"ಹಾಂ, ದೀಪ ಹಚ್ಚಿದ್ರು," ಅಂದರು ಚೆಲುವಾಂಬತ್ತೆ, ಮಡಿಲಿನ ಹಾಳೆ ಮಡಚುತ್ತ. "ಇನ್ನೇನು, ಟೋಪನ್ ಬಂತು. ನನ್ನ ಮದುವೆ ಬರೋ ಹಾಗೆ ಕಾಣ್ಲಿಲ್ಲ. ನಡೀರಿ, ಮನೆ ಬಾಗಿಲು ತೆಗೀಬೇಕು."

ಸಾಲು ಸಾಲಾಗಿ ಮಂಡಿಗಳು ಕಟಕಟ ಅಂದವು. ಮಣೆಗಳು ಎದ್ದವು. ಆಗ ನನಗೆ ಏನಾಯಿತೋ ಗೊತ್ತಿಲ್ಲ. ವಾರವಿಡೀ ಕುದ್ದದ್ದು ಒಮ್ಮೆಗೇ ಉಕ್ಕಿತು.

"ಬರಲಿಲ್ಲ!" ಎಂದು ಕಿರುಚಿದೆ. "ಬೇರೆ ಊರೂ ಅಲ್ಲ ಏನೂ ಅಲ್ಲ. ಇದೇ ಊರು. ನಮ್ಮೂರು. ದೀಪ ಹಚ್ಚಿದ್ರು. ಎಲ್ಲರ ಮನೆ ಸೌಟೂ ಬಂತು, ದಿಂಬೂ ಬಂತು, ಅಧ್ಯಕ್ಷರ ಕೊಡೆ ಬಂತು, ಚಪ್ಪಲಿ ಬಂತು. ಟೋಪನ್ ಬರಲಿಲ್ಲ! ಏನ್ಮಾಡ್ತೀರ ಈಗ?"

ಎದ್ದವರು ಎದ್ದ ಹಾಗೆಯೇ ನಿಂತರು. ಏನು ಹೇಳಿಬಿಟ್ಟೆ ಎಂದು ನನಗೇ ತಿಳಿಯುವ ಮೊದಲು, ಕೂತೇ ಇದ್ದ ದಾಸೇಗೌಡರು ಪೇಟ ತೆಗೆದು ಮಂಡಿಯ ಮೇಲಿಟ್ಟರು.

"ನಮ್ಮೂರಾಗೆ?" ಅಂದರು ನಿಧಾನವಾಗಿ. "ನಮ್ಮೂರಾಗೆ ಬರ್ಲಿಲ್ಲ ಅಂದ್ರೆ... ಕೊಟ್ಟವ್ರೆ."

"ಯಾರು?" ಎಂದು ಮುಂದಿನ ಸಾಲು ಕೇಳಿತು.

"ಇನ್ಯಾರು, ಅಧ್ಯಕ್ಷ್ರು. 'ಕೊಟ್ಟೆ' ಅಂದವ್ರೆ. ಬಾಯಿಬಿಟ್ಟು ಅಂದವ್ರೆ. ಅಂದ್ಬಿಟ್ಟು, ಬೆಳಿಗ್ಗೆ ಎದ್ದು ಕಳ್ತನ ಆಯ್ತು ಅಂತ ಬಾಯಿ ಬಡ್ಕೊತಾವ್ರೆ!"

ಮಂಟಪದಲ್ಲಿ ಒಂದು ಉಸಿರು ಎದ್ದಿತು, ಊರಿಗೆ ಊರೇ ಎಳೆದುಕೊಂಡ ಉಸಿರು. ಆಮೇಲೆ ಚೆಲುವಾಂಬತ್ತೆ ನಗತೊಡಗಿದರು. ಟವೆಲ್ ಹೊದ್ದ ಅಧ್ಯಕ್ಷರು ಈಗ ಅವರಿಗೆ ಕಂಡಿರಬೇಕು. "ಅಯ್ಯೋ ಕಳ್ಳ ಮುಂಡೇದೆ! ತಾನೇ ಕೊಟ್ಟು ಟವೆಲ್ ಹೊದ್ಕೊಂಡು ಕೂತಿದಾನಲ್ಲೇ!" ಎಂದು ತೊಡೆ ತಟ್ಟಿಕೊಂಡರು. ಮೊದಲ ಓದಿನಲ್ಲಿ ಅತ್ತಿದ್ದ ಹಿಂದಿನ ಸಾಲಿನ ಹೆಂಗಸು ನಕ್ಕು ನಕ್ಕು ಪಕ್ಕದವರ ಹೆಗಲಿಗೆ ಬಿದ್ದರು. ಮಣೆಗಳು ಒಂದೊಂದಾಗಿ ಮತ್ತೆ ನೆಲಕ್ಕಿಳಿದವು.

"ಯಾರಿಗೆ ಕೊಟ್ಟಿರಬೌದು?" ಎಂದು ಜನ ತಮ್ಮತಮ್ಮಲ್ಲೇ ಶುರುಮಾಡಿದರು.

"ಭಾಮೈದನಿಗೆ. ಅವನೂ ಬೋಳನೇ ಇರಬೇಕು, ಅದಕ್ಕೇ 'ನಂಗೇನ್ ಗೊತ್ತು' ಅಂತಾನೆ."

"ಛೆ, ಭಾಮೈದನಿಗೆ ಕೊಟ್ರೆ ಮುಚ್ಚಿಡೋದ್ಯಾಕೆ? ಯಾವುದೋ ಹೆಂಗಸಿನ ಸಮಾಚಾರ ಇದು."

"ಹೆಂಗಸಿಗೆ ಟೋಪನ್ ಯಾಕ್ರೀ?"

"ಜ್ಞಾಪಕಕ್ಕೆ!"

ನಾನು ಕೈಯೆತ್ತಿದೆ. ಬರೆದವಳಲ್ಲವೇ ನಾನು? "ಇಲ್ಲಿ ಕೇಳಿ, ಅದು ಕ್ಷೌರಿಕ—"

"ನೀನು ಸುಮ್ನಿರಮ್ಮ!" ಎಂದು ನಾಲ್ಕೂ ದಿಕ್ಕಿನಿಂದ ಗದರಿದರು. ಯಾರೋ ಎದ್ದು ಹೊರಡುವವರಂತೆ ಕಂಡರು. ದಾಸೇಗೌಡರು ತಟ್ಟನೆ ನಿಂತು ಲಾಠಿಯನ್ನು ಮಂಟಪದ ಮೆಟ್ಟಿಲಿಗೆ ಅಡ್ಡ ಹಿಡಿದರು. "ಯಾರೂ ಕದಲೋ ಹಂಗಿಲ್ಲ. ವಿಚಾರಣೆ ನಡೀತಾ ಐತೆ." ಆ ಧ್ವನಿ ಅವರೊಳಗೆ ಎಷ್ಟು ವರ್ಷದಿಂದ ಇತ್ತೋ. ಮಡಿಲಲ್ಲಿದ್ದ ಕುದುರೆ ಸವಾರನ ಹಾಳೆಗಳು ಜಾರಿ ನೆಲಕ್ಕೆ ಬಿದ್ದದ್ದು ಅವರಿಗೆ ತಿಳಿಯಲೇ ಇಲ್ಲ.

ಕತ್ತಲಾಯಿತು. ಯಾರೋ ಕಂದೀಲು ತಂದಿಟ್ಟರು. ಏರಿಯ ಮೇಲೆ ಪಾತ್ರೆ ಪಡಗಗಳು ಹಾದುಹೋಗಿ, ಮುಚ್ಚಿದ ಬಾಗಿಲುಗಳನ್ನು ತಟ್ಟಿ ತಟ್ಟಿ ಸೋತು, ಜಗುಲಿಗಳ ಮೇಲೆ ಕೂತು ಯಜಮಾನರಿಗೆ ಕಾಯುತ್ತಿದ್ದವು. ಯಾರೂ ತಿರುಗಿ ನೋಡಲಿಲ್ಲ. ನಿಜಗುಣಪ್ಪನವರು ಜನರನ್ನು ದಾಟಿಕೊಂಡು ಬಂದು ನನ್ನ ಕೈಯಿಂದ ಕಟ್ಟು ತೆಗೆದುಕೊಂಡರು.

"ಅಚ್ಚಿಗೆ ತಗೊಂಡೆ," ಅಂದರು. "ಕೊನೇ ಅಧ್ಯಾಯ ಬರಕೊಡು. ಮಗಳ ಊರಿಗೆ ಆಮೇಲೆ ಹೋದ್ರಾಯ್ತು."

"ಏನಂತ ಬರೀಲಿ ಸಾರ್? ಯಾರಿಗೆ ಕೊಟ್ರು ಅಂತ ನನಗೇ ಗೊತ್ತಿಲ್ಲ."

ಕಂಬದ ಹತ್ತಿರ ಸಾವಂತ್ರಜ್ಜಿ ಏನೋ ಪಿಸುಗುಟ್ಟಿದ್ದಳು, ಎಲ್ಲರೂ ಅತ್ತ ವಾಲಿದ್ದರು. ನಿಜಗುಣಪ್ಪನವರೂ ಚಪ್ಪಲಿ ಬಿಟ್ಟು, ಪಂಚೆ ಎತ್ತಿ, ಜನರ ನಡುವೆ ಜಾಗ ಮಾಡಿಕೊಂಡು ಕೂತರು. ಓದುವವರ ಕಟ್ಟೆಯ ಮೇಲೆ ನಾನೊಬ್ಬಳೇ ಉಳಿದೆ. ಅಲ್ಲಿಂದ ಏನೂ ಕೇಳಿಸುತ್ತಿರಲಿಲ್ಲ. ಕೆಳಗಿಳಿದು, ಚೆಲುವಾಂಬತ್ತೆಯ ರೇಷ್ಮೆ ಸೆರಗನ್ನು ಸರಿಸಿ, "ಸ್ವಲ್ಪ ಜರುಗಿ ಅತ್ತೆ," ಅಂದೆ.

"ಶ್ಶ್," ಅಂದರು ಅವರು, ನನ್ನತ್ತ ನೋಡದೆ, ಅರ್ಧ ಮಣೆ ಬಿಟ್ಟುಕೊಡುತ್ತ.